ಖಾಲಿ ತೆಪ್ಪ ತಿರುಗಿದ ಮಡು

ಮರಿಲಿಂಗನ ತೆಪ್ಪ ಮರಿಲಿಂಗನಿಲ್ಲದೆ ಬಂತು.

ಮಲ್ಲಿಕಮ್ಮ ಆಗ ಹೊಳೆಯ ಕಟ್ಟೆಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಕೌದಿ ಹಿಂಡುತ್ತಿದ್ದಳು. ಮೇಲಿನ ತಿರುವಿನಲ್ಲಿ ಡಾಂಬರು ಬಳಿದ ದುಂಡನೆಯ ತೆಪ್ಪ ಕಂಡಾಗ, ಮಗ ಇವತ್ತು ಬೇಗ ಬಂದ ಎಂದುಕೊಂಡಳು. ಅದು ಒಂದು ಸುತ್ತು ತಿರುಗಿತು, ಸ್ವಲ್ಪ ಮುಂದೆ ಬಂದು ಮತ್ತೊಂದು ಸುತ್ತು ತಿರುಗಿತು. ಕೆಟ್ಟ ಸುದ್ದಿ ತಂದ ಬೀಗರು ಒಳಗೆ ಬರಲಾರದೆ ಅಂಗಳದಲ್ಲೇ ಚಪ್ಪಲಿ ಕಳಚುತ್ತ ಹೊತ್ತು ಕಳೆಯುವ ಹಾಗೆ, ಅನುಮಾನಿಸುತ್ತ ಅನುಮಾನಿಸುತ್ತ ಬಂದು ಕಟ್ಟೆಯ ಕಲ್ಲಿಗೆ ಮೈ ತಾಗಿಸಿ ನಿಂತಿತು. ಒಳಗೆ ಹುಟ್ಟು ಇತ್ತು, ಬುತ್ತಿಯ ಗಂಟಿತ್ತು, ಅವನು ತಲೆಗೆ ಸುತ್ತುವ ಟವೆಲ್ ಇತ್ತು.

ಮಲ್ಲಿಕಮ್ಮ ಕೌದಿಯನ್ನು ನೀರಿಗೇ ಬಿಟ್ಟು ತೆಪ್ಪದ ಅಂಚು ಹಿಡಿದಳು. ಅದನ್ನೇ ಕೇಳಿದಳು, "ಎಲ್ಲಿ ಬಿಟ್ಟ್ ಬಂದಿ?"

ಶಹಾಪುರದ ಬಸ್ಸು ಬಂದು ತಿರುಗಿ ಹೋಗುವ ಕೊನೆಯ ಊರು ಅದು. ಆಚೆಗೆ ಹೊಳೆಯೇ ಹೊರತು ದಾರಿಯಿಲ್ಲ. ಮೇಲೆ ನಾರಾಯಣಪುರದ ಡ್ಯಾಮು, ಕೆಳಗೆ ವಡಗೇರಾದ ಕಡೆಗೆ ಹರಿಯುವ ಕೃಷ್ಣೆ, ನಡುವೆ ಮೀನು ಹಿಡಿದು, ಮಂದಿಯನ್ನು ದಾಟಿಸಿ, ಪಾಲಿಗೆ ಹೊಲ ಮಾಡಿ ಬದುಕುವ ಐವತ್ತರವತ್ತು ಮನೆಗಳು. ಆ ಮನೆಗಳಲ್ಲಿ ತೆಪ್ಪಕ್ಕೆ 'ಅದು' ಎನ್ನುವುದಿಲ್ಲ, 'ಅಕಿ' ಎನ್ನುತ್ತಾರೆ. ಬಿದಿರು ಹೆಣೆದು, ತಾಡಪಾಲು ಬಿಗಿದು, ಡಾಂಬರು ಕಾಸಿ ಬಳಿದು ಮುಗಿದ ದಿನ ಅಕಿಗೆ ಕುಂಕುಮ ಹಚ್ಚಿ, ಹಸಿರು ಕುಬಸದ ಖಣ ಇಟ್ಟು ಉಡಿ ತುಂಬುತ್ತಾರೆ. ಹೊಳೆಯ ನಡುವೆ ಅಕಿಗೆ ಬಯ್ಯಬಾರದು, ಸಿಟ್ಟಿಗೇಳುತ್ತಾಳೆ. ಮುದಿಯಾದ ಮೇಲೆ ಒಲೆಗೆ ಹಾಕಬಾರದು, ಮನೆಯ ಹಿಂದೆ ಬೋರಲು ಮಲಗಿಸಿ ಮಣ್ಣಾಗಲು ಬಿಡಬೇಕು. ಮರಿಲಿಂಗನ ತೆಪ್ಪಕ್ಕೆ ಡಾಂಬರು ಕಾಸಿದವಳು ಮಲ್ಲಿಕಮ್ಮನೇ. ಅದರ ಗುರುತು ಅವಳ ಬಲಗೈ ಮೇಲೆ ಸುಟ್ಟ ಕಲೆಯಾಗಿ ಉಳಿದಿತ್ತು.

ಮರಿಲಿಂಗ ಈಜು ಬಾರದವನಲ್ಲ. ಆದರೆ ಹೊಸ ನೀರಿನಲ್ಲಿ ಬಲೆ ಕಾಲಿಗೆ ಸುತ್ತಿಕೊಂಡರೆ ಯಾರ ಈಜೂ ನಡೆಯುವುದಿಲ್ಲ. ಮೇಲಿನ ತಿರುವಿನಲ್ಲಿ ಊರಿಗೆ ಕುಡಿಯುವ ನೀರೆತ್ತುವ ಜಾಕವೆಲ್ ಇದೆ. ಅದರ ಹತ್ತಿರ ಬಲೆ ಬಿಟ್ಟು ಬಂದಿದ್ದೇನೆ ಎಂದು ಅವನು ಹಿಂದಿನ ಸಂಜೆ ಹೆಂಡತಿ ರಾಧಿಕಾಳಿಗೆ ಹೇಳಿದ್ದ. ಊರ ಗಂಡಸರೆಲ್ಲ ಅಲ್ಲಿಗೇ ಮೊದಲು ಹೋದರು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ತಳದಲ್ಲಿ ಹಳೆಯ ಪೈಪು, ತುಕ್ಕು ಕಬ್ಬಿಣ, ಒಡೆದ ಕಾಂಕ್ರೀಟು. ಗರಡಿ ಇಳಿಸಿದಲ್ಲೆಲ್ಲ ಸಿಕ್ಕಿಬಿದ್ದು ಬರೀ ಹಗ್ಗ ಕೈಗೆ ಬಂತು. ಕತ್ತಲಾಗುವವರೆಗೆ ಹುಡುಕಿ, ಅಲ್ಲಿಲ್ಲ ಎಂದು ತಿರುಗಿ ಬಂದರು. ಹುಡುಗ ಬದುಕಿದ್ದಾನೆಂಬ ಮಾತನ್ನು ಯಾರೂ ಆಡಲಿಲ್ಲ. ಹೊಳೆಯ ಮಂದಿಗೆ ಅಷ್ಟು ಗೊತ್ತು. ಅವರಿಗೆ ಬೇಕಾದದ್ದು ದೇಹ. ಹಣೆಗೆ ವಿಭೂತಿ ಹಚ್ಚಿ, ತಾಯಿಯ ಕೈಯಿಂದ ಒಂದು ಹಿಡಿ ಮಣ್ಣು ಹಾಕಿಸಿದರೆ ಮಗ ಭೂಮಿಗೆ ಸೇರಿದ ಹಾಗೆ. ಇಲ್ಲದಿದ್ದರೆ ಅವನು ಎಲ್ಲಿಯೂ ಸೇರದವನು, ಅವನ ಹೆಂಡತಿ ಮುತ್ತೈದೆಯೂ ಅಲ್ಲ, ಅಲ್ಲದವಳೂ ಅಲ್ಲ.

ಮರುದಿನ ಯಾದಗಿರಿಯಿಂದ ಒಂದು ಜೀಪು ಬಂತು. ಅದರಲ್ಲಿ ಶಹಾಪುರದ ಮುಳುಗುಗಾರ ಶರೀಫಸಾಬನಿದ್ದ. ಸುತ್ತಲಿನ ಕೆರೆ ಬಾವಿಗಳಿಂದ ಹೆಣ ಎತ್ತಿ ಎತ್ತಿ ಮಾತು ಕಡಿಮೆಯಾದ ಮನುಷ್ಯ. ಅವನ ಜೊತೆ ಮುಷರಫ ಎಂಬ ಮೂವತ್ತರ ಆಸುಪಾಸಿನ ಗಂಡಸು, ಹಿಂದಿನ ಸೀಟಿನಲ್ಲಿ ಕಿತ್ತಳೆ ಬಣ್ಣದ ಒಂದು ಯಂತ್ರ. ಮಂಚದಷ್ಟು ಉದ್ದ, ಎರಡು ಕಾಲು ಚಾಚಿ ಕೂತಂತೆ ಎರಡು ತಳ, ನಡುವೆ ಕರಿ ಪೆಟ್ಟಿಗೆ. ಕೂರಲು ಜಾಗವಿಲ್ಲ, ಹಿಡಿಯಲು ಹುಟ್ಟಿಲ್ಲ. ಮುಷರಫ ಅದನ್ನು ನೀರಿಗಿಳಿಸಿ, ಬೇವಿನ ನೆರಳಿನಲ್ಲಿ ಕೂತು, ಕೈಯ ಫಲಕದ ಮೇಲೆ ಬೆರಳಿನಿಂದ ಗೆರೆ ಎಳೆದ. "ಚಲ್ ಬೇಟಾ" ಎಂದ. ಅದು ಹೊರಟಿತು.

ಊರೇ ಕಟ್ಟೆಯ ಮೇಲೆ ಕೂಡಿತ್ತು. ಸಾವಿನ ಮನೆಯ ಮುಂದೆ ನಗಬಾರದು. ಆದರೂ ಕಣ್ಣುಗಳು ಆ ಯಂತ್ರವನ್ನು ಬಿಟ್ಟು ಅಲುಗಲಿಲ್ಲ. ಹೊಲ ಉಳುವ ಎತ್ತಿನ ಹಾಗೆ ಅದು ಮೇಲಿನ ತಿರುವಿನಿಂದ ಶುರುಮಾಡಿ, ಈ ದಂಡೆಯಿಂದ ನಡುಹೊಳೆಗೆ ಹೋಗಿ, ಯಾರೂ ಹಗ್ಗ ಜಗ್ಗದೆ ತಾನೇ ಹೊರಳಿ, ಪಕ್ಕದ ಸಾಲಿನಲ್ಲಿ ಮರಳಿ ಬರುತ್ತಿತ್ತು. ತಳಕ್ಕೆ ದನಿ ಬಿಡುತ್ತದೆ, ಬಡಿದು ಮರಳುವ ದನಿಯನ್ನು ಕೇಳಿ ಚಿತ್ರ ಬರೆಯುತ್ತದೆ ಎಂದು ಮುಷರಫ ವಿವರಿಸಿದ. ಅವಸರವಿಲ್ಲ, ಬೇಸರವಿಲ್ಲ. ಅದು ಗಂಡೋ ಹೆಣ್ಣೋ ಎಂದು ಹೆಂಗಸರಲ್ಲಿ ಸಣ್ಣ ದನಿಯ ವಾದವಾಯಿತು. ಪಕ್ಕದ ಮನೆಯ ಅಂಬವ್ವ ಗಂಡೆಂದೇ ತೀರ್ಮಾನಿಸಿ, "ಆದ್ರೂ ನಮ್ಮ ಮನಿ ಗಂಡಸ್ರಿಗಿಂತ ಪಾಡವಾ, ಹೇಳಿದ್ದ ಕೇಳ್ತದ" ಎಂದಳು. ಇಷ್ಟು ಹೊತ್ತು ನೀರಾಗ ತಿರುಗಾಕತ್ತದ, ಅದಕ್ಕೆ ಏನಾದರೂ ತಿನ್ನಲು ಕೊಟ್ಟಿದ್ದಾರೋ ಇಲ್ಲವೋ ಎಂದು ಒಬ್ಬ ಮುದುಕಿ ನಿಜವಾಗಿಯೂ ಮರುಗಿದಳು.

ಮಲ್ಲಿಕಮ್ಮನಿಗೆ ಮಾತ್ರ ಅದನ್ನು ಕಂಡರೆ ಆಗಲಿಲ್ಲ. ಅದು ಅವಳ ಮುಂದೆಯೇ ಹತ್ತು ಸಲ ಹಾದುಹೋಯಿತು. ಒಂದು ಸಲವೂ ತಡೆಯಲಿಲ್ಲ, ಬಾಗಲಿಲ್ಲ. ಎದೆ ಬಡಿದುಕೊಂಡು ಅಳುವವಳ ಮುಂದೆ ಮನುಷ್ಯನಾದವನು ಹೆಜ್ಜೆ ನಿಧಾನ ಮಾಡುತ್ತಾನೆ. ಇದಕ್ಕೆ ಆ ಸುದ್ದಿಯೇ ಇಲ್ಲ. ಯಾರ ಮನೆಯದೋ, ಯಾವ ಊರಿನದೋ, ನನ್ನ ಮಗನನ್ನು ಇದಕ್ಕೇನು ಗೊತ್ತು ಎಂದು ಮನಸ್ಸಿನಲ್ಲೇ ಬಯ್ದುಕೊಂಡಳು.

ಹೊತ್ತು ಏರುವಾಗ ಹೊಳೆದಂಡೆಯ ಊರುಗಳಿಗೆ ಡಂಗುರದ ಗಾಡಿ ಬಂತು. ನಾರಾಯಣಪುರದಲ್ಲಿ ಗೇಟು ಎತ್ತುತ್ತಾರೆ, ಸಂಜೆಯೊಳಗೆ ಇಲ್ಲಿಗೆ ನೀರು ಬರುತ್ತದೆ, ಯಾರೂ ಹೊಳೆಗಿಳಿಯಬಾರದು ಎಂದು ಕೂಗುತ್ತ ಹೋಯಿತು. ಆ ನೀರು ಬಂದರೆ ತಳದಲ್ಲಿದ್ದದ್ದು ತಳದಲ್ಲಿರುವುದಿಲ್ಲ. ಎಲ್ಲವೂ ಕೆಳಗೆ, ವಡಗೇರಾ ದಾಟಿ, ಹೆಸರು ಗೊತ್ತಿಲ್ಲದ ನೀರಿಗೆ. ಶರೀಫಸಾಬ ಆಕಾಶ ನೋಡಿ, ಹೊಳೆಯ ಬಣ್ಣ ನೋಡಿ, ತನ್ನ ಮಾತನ್ನು ಒಮ್ಮೆಗೇ ಹೇಳಿಬಿಟ್ಟ. ಗೇಟಿನ ನೀರು ಬರುವುದರೊಳಗೆ ತಾನು ಒಂದು ಕಡೆ ಮಾತ್ರ ಇಳಿಯಬಲ್ಲೆ. ಎಲ್ಲಿ ಎಂದು ಮನೆಯವರೇ ಹೇಳಬೇಕು. ಆ ನೀರಿಗೆ ಹೊಳೆ ಕೆಂಪಾಗುತ್ತಿದ್ದಂತೆ ಹೊರಗೆ ಬರುತ್ತೇನೆ.

ಆಗ ಊರ ಹಿರಿಯರು ಮಲ್ಲಿಕಮ್ಮನ ಗಂಡ ಅಮರಪ್ಪನ ಕಡೆ ನೋಡಿದರು. ಅಮರಪ್ಪ ಮುದುಕ, ಕಣ್ಣಿಗೆ ಪೊರೆ ಬಂದಿತ್ತು, ಭಜನೆಯಲ್ಲಿ ಹೊರತು ದನಿ ಎತ್ತದವನು. "ತೆಪ್ಪ ಬಿಡೂಣು" ಎಂದ.

ಅದು ಅವರಲ್ಲಿ ಹಿಂದಿನಿಂದ ಬಂದ ರೂಢಿ. ಹೊಳೆಯಲ್ಲಿ ಹೋದವನ ತೆಪ್ಪವನ್ನು ಹಗ್ಗವಿಲ್ಲದೆ, ಹುಟ್ಟಿಲ್ಲದೆ ಕಟ್ಟೆಯಿಂದ ಬಿಡುತ್ತಾರೆ. ಒಳಗೆ ಅವನು ಉಟ್ಟ ಬಟ್ಟೆ ಇಡುತ್ತಾರೆ, ಒಂದು ರೊಟ್ಟಿ ಇಡುತ್ತಾರೆ. ಅಕಿ ತನ್ನವನನ್ನು ಹುಡುಕುತ್ತ ಹೋಗುತ್ತಾಳೆ; ಎಲ್ಲಿ ಮುಂದೆ ಹೋಗದೆ ತನ್ನ ಸುತ್ತ ತಾನೇ ತಿರುಗುತ್ತಾಳೋ ಅಲ್ಲಿ ಅವನಿದ್ದಾನೆ. ಅಮರಪ್ಪನ ತಂದೆಯ ಕಾಲದಲ್ಲಿ ಹೀಗೆ ಬಿಟ್ಟ ತೆಪ್ಪ ಆಳನ್ನು ತೋರಿಸಿತ್ತು ಎಂದು ಎಲ್ಲರೂ ಕೇಳಿದ್ದರು. ಕಂಡವರು ಯಾರೂ ಉಳಿದಿರಲಿಲ್ಲ.

ಮಲ್ಲಿಕಮ್ಮನಿಗೆ ಇದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಅಮಾವಾಸ್ಯೆಗೊಮ್ಮೆ ಅಬ್ಬೆತುಮಕೂರಿನ ಮಠಕ್ಕೆ ಹೋಗಿ, ಹಿಂದಿನ ಸಾಲಿನಲ್ಲಿ ಕಂಬಕ್ಕೊರಗಿ ಪುರಾಣ ಕೇಳಿದ ಹೆಂಗಸು ಅವಳು. ಅರಸನಿಲ್ಲದ ಪಟ್ಟಣದಲ್ಲಿ ಆನೆ ತಾನೇ ಹೂಮಾಲೆ ಹಿಡಿದು ಬೀದಿ ಬೀದಿ ತಿರುಗಿ, ಹರಕು ಬಟ್ಟೆಯವನ ಕೊರಳಿಗೆ ಹಾಕುತ್ತದೆ. ಬಂಡಿಯ ಎತ್ತು ಶರಣನ ಗದ್ದಿಗೆಯ ಜಾಗ ಬಂದಾಗ ಎಷ್ಟು ಹೊಡೆದರೂ ಹೆಜ್ಜೆ ಕೀಳುವುದಿಲ್ಲ. ಹಾಡುವವರು ಆ ಸಾಲು ಎತ್ತಿದಾಗಲೆಲ್ಲ ಅವಳ ಮೈ ನಡುಗುತ್ತಿತ್ತು. ಬಾಯಿಲ್ಲದ್ದಕ್ಕೆ ನಡಿಗೆಯೇ ಮಾತು.

ಅವಳೇ ರೊಟ್ಟಿ ಇಟ್ಟಳು. ಟವೆಲ್ ಮಡಿಸಿ ಇಟ್ಟಳು. ತೆಪ್ಪದ ಅಂಚಿಗೆ ಕುಂಕುಮ ಹಚ್ಚಿ, "ನಿನ್ನ ಕೈಯಾಗ ಕೊಟ್ಟ ಕಳಿಸಿದ್ದೆ. ನೀನೇ ತೋರಸು" ಎಂದು ನೂಕಿದಳು. ಯಂತ್ರಕ್ಕೆ ಅಡ್ಡವಾಗುತ್ತದೆಂದು ಜೀಪಿನ ಜೊತೆ ಬಂದ ಸಾಹೇಬರೊಬ್ಬರು ಬೇಡವೆಂದರು. ಮುಷರಫನೇ ಬಿಡಲು ಹೇಳಿದ; ನಮ್ಮವನು ಯಾರಿಗೂ ತೊಂದರೆ ಕೊಡುವವನಲ್ಲ ಎಂದ.

ತೆಪ್ಪ ಕಟ್ಟೆಯಿಂದ ಬಿಡಿಸಿಕೊಂಡು ಮೊದಲು ಒಂದು ಗಳಿಗೆ ನಿಂತಿತು, ಯಾವ ಕಡೆ ಎಂದು ಯೋಚಿಸುವಂತೆ. ಆಮೇಲೆ ಕೆಳಗೆ ಹೊರಟಿತು. ದಂಡೆಯ ಮಂದಿ ಅದರ ಜೊತೆ ಜೊತೆಗೆ ನಡೆದರು. ಜಾಲಿಯ ಮೆಳೆಯ ಹತ್ತಿರ ಅದು ತಡೆದಾಗ ಎಲ್ಲರೂ ತಡೆದರು. ಇಲ್ಲಿ ಇಲ್ಲ ಎಂದು ತಿಳಿದು ಮುಂದುವರಿಯಿತು. ಕಟ್ಟೆಯಿಂದ ಕೂಗಳತೆಯಲ್ಲಿ ಹೊಳೆಗೆ ಚಾಚಿದ ಒಂದು ಹಾಸುಬಂಡೆ, ಅದರ ಬಗಲಲ್ಲಿ ಒಂದು ಮಡು. ಅಲ್ಲಿಗೆ ಬಂದು ತೆಪ್ಪ ಒಮ್ಮೆ ಹಿಂದೆ ಸರಿಯಿತು, ಒಮ್ಮೆ ಮುಂದೆ ಬಂತು, ಆಮೇಲೆ ತಿರುಗತೊಡಗಿತು. ಒಂದು ಸುತ್ತು. ಎರಡು. ಬಿಡಲಿಲ್ಲ. ಕುಂಕುಮ ಹಚ್ಚಿದ ಕಡೆ ಪ್ರತಿ ಸುತ್ತಿಗೂ ದಂಡೆಯತ್ತ ಬಂದು, ಮಲ್ಲಿಕಮ್ಮನ ಮುಖ ನೋಡಿ, ಮತ್ತೆ ತಿರುಗುತ್ತಿತ್ತು.

ಹೆಂಗಸರು ದನಿ ತೆಗೆದರು. ಅಷ್ಟರಲ್ಲಿ ಯಂತ್ರ ತನ್ನ ಸಾಲು ಹಿಡಿದು ಅದೇ ಕಡೆ ಬರುತ್ತಿತ್ತು. ನೆಟ್ಟಗೆ ಬಂದದ್ದು ತೆಪ್ಪದಿಂದ ನಾಲ್ಕು ಮಾರು ದೂರ ಇದ್ದಂತೆ ಗಕ್ಕನೆ ನಿಂತಿತು. ಬೆಳಗಿನಿಂದ ಯಾರ ಮುಂದೆಯೂ ನಿಲ್ಲದ್ದು ನಿಂತಿತು. ಮುಂದಿನ ಭಾಗ ಅಲೆಗೆ ಒಮ್ಮೆ ಕೆಳಗಿಳಿದು ಎದ್ದಿತು. ಮೆಲ್ಲನೆ ಹಿಂದೆ ಸರಿದು, ತೆಪ್ಪವನ್ನು ಎಡಕ್ಕೆ ಬಿಟ್ಟು, ದೊಡ್ಡದೊಂದು ಅರ್ಧ ಸುತ್ತು ಹಾಕಿ, ತನ್ನ ದಾರಿ ಹಿಡಿಯಿತು.

ದಂಡೆಯ ಮೇಲೆ ಯಾರೋ ಒಬ್ಬರು, ಬಾಗಿತು ನೋಡ್ರಿ ಅದು, ಎಂದರು. ಕೈಗಳು ತಾವಾಗಿ ಮುಗಿದುಕೊಂಡವು. ಮಲ್ಲಿಕಮ್ಮನಿಗೆ ಎದೆಯ ಕಲ್ಲು ಸರಿದಂತಾಯಿತು. ಪರಕೀಯನೆಂದು ಬೆಳಗಿನಿಂದ ಬಯ್ದುಕೊಂಡದ್ದಕ್ಕೆ ಆ ಯಂತ್ರದ ಹತ್ತಿರ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡಳು. ಅದಕ್ಕೂ ತಿಳಿಯಿತು. ತಾಯಿಯ ಸಂಕಟ ತಿಳಿಯದಿದ್ದರೂ, ತೆಪ್ಪದ ಸಂಕಟ ಅದಕ್ಕೆ ತಿಳಿಯಿತು; ನೀರಿನದಕ್ಕೆ ನೀರಿನದು.

ಮುಷರಫ ಎದ್ದು ಬಂದು, ಅಡ್ಡ ಏನು ಬಂದರೂ ಅದು ಹಾಗೆಯೇ ಸರಿಯುತ್ತದೆ, ಕಲ್ಲು ಬಂದರೂ ಸರಿಯುತ್ತದೆ ಎಂದು ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಫಲಕವನ್ನು ಮಲ್ಲಿಕಮ್ಮನ ಮುಂದೆ ಹಿಡಿದ. ಮೇಲಿನ ತಿರುವಿನಲ್ಲಿ, ಜಾಕವೆಲ್ ಬುಡದಲ್ಲಿ, ಕಂದು ಬಣ್ಣದ ನಡುವೆ ಉದ್ದಕ್ಕೆ ಒಂದು ಕರಿ ನೆರಳು.

"ಅಮ್ಮಾ, ಇದು ಆಳೇ ಅಂತ ನಾ ಹೇಳಂಗಿಲ್ರಿ. ದಿಮ್ಮಿ ಇರಬಹುದು. ಆದ್ರ ಇಡೀ ಹೊಳಿಯಾಗ ಇದೊಂದೇ ಹಿಂಗ ಕಂಡದ. ಆ ಮಡುವಿನ್ಯಾಗ ಏನೂ ಕಂಡಿಲ್ಲ."

ಮಲ್ಲಿಕಮ್ಮ ನೋಡಿದಳು. ಹಂಚಿನ ಮೇಲಿನ ಮಸಿಯ ಹಾಗೆ ಕಂಡಿತು. ಅದರಲ್ಲಿ ತೋಳಿಲ್ಲ, ಮುಖವಿಲ್ಲ.

ಅದುವರೆಗೆ ಮಾತಾಡದ ರಾಧಿಕಾ ಅತ್ತೆಯ ಹಿಂದೆ ಬಂದು ನಿಂತಿದ್ದಳು. ಸುರಪುರದ ಕಡೆಯ ಹುಡುಗಿ, ಮದುವೆಯಾಗಿ ಎರಡನೆಯ ಮಳೆಗಾಲ. ನೆಲ ನೋಡುತ್ತಲೇ ಹೇಳಿದಳು:

"ಅತ್ತಿ, ಬಲಿ ಅಲ್ಲೇ ಬಿಟ್ಟೀನಿ ಅಂದಿದ್ರು. ಅಲ್ಲೇ ಇಳಸ್ರಿ."

"ಅಲ್ಲಿ ನಿನ್ನಿ ಊರ ಮಂದಿ ಎಲ್ಲಾ ಹುಡಿಕ್ಯಾರ."

"ಗರಡಿಗಿ ಸಿಗಲಾರದ್ದು ಕೈಗಿ ಸಿಕ್ಕೀತು."

ಮಲ್ಲಿಕಮ್ಮ ಸೊಸೆಯ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ, ತಿಳಿಯದ ಮಗುವಿಗೆ ತಿಳಿಸುವ ದನಿಯಲ್ಲಿ ಹೇಳಿದಳು. "ಈ ಪೆಟಿಗಿಗಿ ನನ್ನ ಮಗ ಏನಾಗಬೇಕವಾ? ಅಕಿ ನೋಡು, ಅವನ ಸಂಗಾಟ ಉಂಡಾಳ, ಅವನ ಸಂಗಾಟ ಮಳಿಯಾಗ ತೊಯ್ದಾಳ. ನಿನಗಿಂತ ಮೊದಲ ಈ ಮನಿಗಿ ಬಂದಾಕಿ. ಅಕಿ ಸುಳ್ಳ ಹೇಳ್ತಾಳೇನು?"

ರಾಧಿಕಾ ಸೆರಗಿನ ತುದಿ ಕಚ್ಚಿಕೊಂಡು ಹಿಂದೆ ಸರಿದಳು. ಅಮರಪ್ಪನನ್ನು ಕೇಳಿದರು. ಅವನು ಹೆಂಡತಿ ಎಲ್ಲಿ ಅನ್ನುತ್ತಾಳೋ ಅಲ್ಲಿ ಎಂದ. ಮಲ್ಲಿಕಮ್ಮ ಕೈ ಎತ್ತಿ ಮಡುವನ್ನು ತೋರಿಸಿದಳು. ಆ ಕೈ ಎತ್ತುವಾಗ ಅವಳಿಗೆ ಒಂದಿಷ್ಟೂ ಭಾರವೆನಿಸಲಿಲ್ಲ.

ಶರೀಫಸಾಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ತೆಪ್ಪ ಅವನ ತಲೆಯ ಮೇಲೆಯೇ ತಿರುಗುತ್ತಿತ್ತು. ಮೊದಲ ಸಲ ಎದ್ದಾಗ ಕೈಯಲ್ಲಿ ಕೊಳೆತ ಟೊಂಗೆ. ಮತ್ತೊಮ್ಮೆ ಎದ್ದಾಗ ಹರಿದ ಬಲೆಯ ತುಂಡು. ರಾಧಿಕಾ ಓಡಿಹೋಗಿ ನೋಡಿ, ನಮ್ಮದಲ್ಲ ಎಂದಳು. ಮತ್ತೆ ಮುಳುಗಿದ. ಪ್ರತಿ ಸಲ ನೀರು ಮುಚ್ಚಿಕೊಂಡಾಗಲೂ ಮಲ್ಲಿಕಮ್ಮ ಪಂಚಾಕ್ಷರಿ ಹಿಡಿದಳು, ಎದ್ದಾಗ ಬಿಟ್ಟಳು. ಕೊನೆಗೆ ಅವನು ಎದ್ದು ಬಂಡೆ ಹಿಡಿದು ಏದುಸಿರು ಬಿಡುತ್ತಿದ್ದಾಗ ಹೊಳೆಯ ನಡುವೆ ಕೆಂಪು ಪಟ್ಟಿಯೊಂದು ಕಾಣಿಸಿತು. ಅದು ಅಗಲವಾಯಿತು. ಬಂಡೆಯ ಕೆಳಗಿನ ನೀರಿನ ಗುರುತು ಮುಳುಗಿತು.

"ತಳಾ ಎಲ್ಲಾ ಕೈಯಾಡ್ಸೀನಿ ಅಕ್ಕಾರ" ಎಂದ ಶರೀಫಸಾಬ. "ಇಲ್ಲಿ ಮಳಲು ಬಿಟ್ರ ಏನಿಲ್ಲ."

ಮುಷರಫ ಇನ್ನೂ ಒಂದು ಸಲ, ಮೇಲಿನ ಆ ಜಾಗಕ್ಕೆ, ಎಂದು ಬಾಯಿ ತೆರೆದ. ಶರೀಫಸಾಬ ನೀರಿನ ಕಡೆ ನೋಡಿ, ಇಲ್ಲ ಎಂದು ತಲೆಯಾಡಿಸಿದ. ಹಗ್ಗ ಎಳೆದುಕೊಂಡರು. ಯಂತ್ರವನ್ನು ಎತ್ತಿಕೊಂಡರು. ಮುಷರಫ ತನ್ನ ಕರ್ಚೀಫಿನಿಂದ ಅದರ ಮೈ ಒರೆಸಿದ, ಮೂಲೆ ಮೂಲೆಗೂ, ಹೊಳೆಯಿಂದ ಎದ್ದ ಮಗುವಿನ ತಲೆ ಒರೆಸುವ ಹಾಗೆ. ಒರೆಸುವಾಗ ಅವನ ಕಣ್ಣಲ್ಲಿ ನೀರಿತ್ತು.

ನೀರು ಏರಿದಂತೆ ಮಡುವಿನ ಸುಳಿ ಕರಗಿತು. ತೆಪ್ಪ ಒಮ್ಮೆ ಅಲುಗಿ ಪ್ರವಾಹಕ್ಕೆ ಬಿದ್ದು ಹೋಯಿತು. ತನ್ನವನ ಬೆನ್ನು ಹತ್ತಿ ಹೋದಳು ಎಂದು ಹೆಂಗಸರು ಅತ್ತರು. ಅದು ತಿರುಗಿ ನೋಡಬಹುದೆಂದು ಮಲ್ಲಿಕಮ್ಮ ಕಾಯ್ದಳು. ಕಾಣದಾಗುವವರೆಗೆ ಅದು ಒಮ್ಮೆಯೂ ತಿರುಗಲಿಲ್ಲ.

ಶ್ರಾವಣ ಕಳೆಯುವ ಹೊತ್ತಿಗೆ ಹೊಳೆ ಇಳಿಯಿತು. ಅಮರಪ್ಪ ಇಬ್ಬರನ್ನು ಕರೆದುಕೊಂಡು ಜಾಕವೆಲ್ ಹತ್ತಿರ ಹೋಗಿ ಉದ್ದನೆಯ ಗಳದಿಂದ ತಳ ಚುಚ್ಚಿ ನೋಡಿ ಬಂದ. ಹೊಸ ಮಳಲು ಬಿದ್ದಿತ್ತು, ಆಳುದ್ದ. ಅದರ ಕೆಳಗೆ ಆಳಿದ್ದನೋ, ದಿಮ್ಮಿ ಇತ್ತೋ, ಇದ್ದರೂ ಹೋಯಿತೋ, ಇನ್ನು ಯಾವ ಯಂತ್ರವೂ ಹೇಳಲಾರದು. ಅವನು ಅದನ್ನು ಹೇಳಿದಾಗ ಮಲ್ಲಿಕಮ್ಮ ಅಷ್ಟಾಗಿ ಕುಗ್ಗಲಿಲ್ಲ. ತೆಪ್ಪ ತೋರಿಸಿತ್ತು, ಶರೀಫಸಾಬನ ಕೈ ಒಂದು ಗೇಣು ತಪ್ಪಿತು, ಅಷ್ಟೇ ಎಂದು ಅವಳು ನಂಬಿಕೊಂಡಿದ್ದಳು. ದಿನಾ ಸಂಜೆ ಹಾಸುಬಂಡೆಯ ಮೇಲೆ ಕೂತು ಮಡುವಿಗೆ ಎರಡು ಮಾತಾಡಿ ಬರುತ್ತಿದ್ದಳು. ಅದೊಂದು ಆಸರೆಯಾಗಿತ್ತು.

ಒಂದು ಮುಂಜಾನೆ ಕಟ್ಟೆಯಲ್ಲಿ ಪಾತ್ರೆ ತಿಕ್ಕುವಾಗ ಅಂಬವ್ವನ ಕೈಯಿಂದ ನೀಲಿ ಪ್ಲಾಸ್ಟಿಕ್ ಕೊಡ ಜಾರಿತು. ಅವಳು ಎದ್ದು ಹಿಡಿಯಲೂ ಇಲ್ಲ. ಕೊಡ ಒಂದು ಗಳಿಗೆ ನಿಂತು, ಯಾವ ಕಡೆ ಎಂದು ಯೋಚಿಸುವಂತೆ ಓಲಾಡಿ, ಕೆಳಗೆ ಹೊರಟಿತು. ಜಾಲಿಯ ಮೆಳೆಯ ಹತ್ತಿರ ತಡೆಯಿತು. ಮುಂದುವರಿಯಿತು. ಹಾಸುಬಂಡೆಯ ಬಗಲಿಗೆ ಬಂದು ಒಮ್ಮೆ ಹಿಂದೆ, ಒಮ್ಮೆ ಮುಂದೆ, ಆಮೇಲೆ ತನ್ನ ಸುತ್ತ ತಾನು. ಕೊಡದ ಬಾಯಿ ಪ್ರತಿ ಸುತ್ತಿಗೂ ದಂಡೆಯತ್ತ ಬಂದು, ನೋಡಿ, ತಿರುಗುತ್ತಿತ್ತು.

"ಎಲ್ಲಿ ಹೋಗ್ತದ, ಮಡುವಿನ್ಯಾಗ ಇರ್ತದ ಬಿಡು" ಎಂದು ಅಂಬವ್ವ ತಿಕ್ಕುತ್ತಲೇ ಹೇಳಿದಳು.

ಹೇಳಿದ ಮೇಲೆ ಅವಳ ಕೈ ನಿಂತಿತು. ಮಲ್ಲಿಕಮ್ಮನ ಮುಖ ನೋಡಲಾರದೆ ಬೂದಿಯ ಉಂಡೆಯನ್ನು ನೋಡಿದಳು.

ಮಲ್ಲಿಕಮ್ಮ ನೀರಿನಲ್ಲೇ ಕೂತಳು. ಸೊಸೆಯಾಗಿ ಈ ಕಟ್ಟೆಗೆ ಬಂದಂದಿನಿಂದ ಅವಳ ಕೈಯಿಂದ ಏನೇನು ಜಾರಿರಲಿಲ್ಲ. ಕುಬಸ, ಸೌಟು, ಮರಿಲಿಂಗನ ತೊಟ್ಟಿಲ ಬಟ್ಟೆ. ಅವತ್ತು ಕೈಬಿಟ್ಟ ಕೌದಿಯನ್ನೂ ಯಾರೋ ಅಲ್ಲಿಂದಲೇ ತಂದು ಮನೆಯ ಮುಂದೆ ಹರವಿದ್ದರು. ಕಟ್ಟೆಯಿಂದ ಬಿಟ್ಟದ್ದೆಲ್ಲ ಆ ಮಡುವಿಗೆ ಹೋಗಿ ತಿರುಗುತ್ತದೆ. ಇದು ಅವಳಿಗೆ ಗೊತ್ತಿತ್ತು, ಅಂಬವ್ವನಿಗೆ ಗೊತ್ತಿತ್ತು, ದಂಡೆಯ ಮೇಲೆ ಕೈಮುಗಿದು ನಿಂತ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಅವತ್ತು ಯಾರಿಗೂ ಹೊಳೆಯಲಿಲ್ಲ. ಕೊಡ ಹೋದರೆ ಅದು ಬರೀ ಕೊಡ. ಹೋದದ್ದು ಮರಿಲಿಂಗನ ತೆಪ್ಪವಾಗಿತ್ತು.

ಅದು ಅನುಮಾನಿಸಿರಲಿಲ್ಲ, ಹುಡುಕಿರಲಿಲ್ಲ, ಅವಳ ಮುಖ ನೋಡಿರಲಿಲ್ಲ. ಯಂತ್ರ ಬಾಗಿರಲಿಲ್ಲ. ಹೊಳೆಯ ಮೇಲೆ ಅವತ್ತು ಯಾರೂ ಇರಲಿಲ್ಲ. ತಾಯಿಯೊಬ್ಬಳೇ ಎಲ್ಲರ ಪಾಲಿನ ಮಾತನ್ನೂ ಆಡಿಕೊಂಡಿದ್ದಳು.

ತೆಪ್ಪಕ್ಕೆ ಶಾಪ ಹಾಕಬೇಕೆಂದು ಬಾಯಿ ತೆರೆದಳು. ಶಾಪ ಹಾಕಲು ಸಹ ಅಲ್ಲಿ ಯಾರಾದರೂ ಇರಬೇಕು.

ಮನೆಗೆ ಬಂದು ರಾಧಿಕಾಳ ಮುಂದೆ ಕೂತಳು. ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಪ್ರತಿ ಬಡಿತಕ್ಕೂ ಹಸಿರು ಬಳೆಗಳು ಸದ್ದು ಮಾಡುತ್ತಿದ್ದವು. ಆ ಬಳೆಗಳನ್ನು ಏನು ಮಾಡಬೇಕೆಂದು ಊರಿನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಮದುವೆಮನೆಯವರು ಕರೆಯುತ್ತಿರಲಿಲ್ಲ, ಸಾವಿನ ಮನೆಯವರೂ ಕರೆಯುತ್ತಿರಲಿಲ್ಲ.

"ರಾಧೀ, ನೀ ಹೇಳಿದ್ದಿ. ನಾ ಕೇಳಲಿಲ್ಲ. ಒಂದ ಮಾತ ಬೈ ನನಗ."

ರಾಧಿಕಾ ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದಳು. "ಬೈದ್ರ ಬರ್ತಾರೇನ್ರಿ ಅತ್ತಿ" ಎಂದಳು.

ದಸರೆ ಮುಗಿದ ಮೇಲೆ ಸುರಪುರದಿಂದ ಅವಳ ಅಪ್ಪ ಬಂದ. ಹೀಗೆ ಎಷ್ಟು ದಿನ ಎಂಬ ಮಾತನ್ನು ನಯವಾಗಿಯೇ ಎತ್ತಿದ. ಊರ ಅಯ್ಯನವರನ್ನು ಕರೆಸಿದರು. ದೇಹ ಸಿಗದವರಿಗೆ ಜೋಳದ ದಂಟಿನಿಂದ ಆಳು ಕಟ್ಟಿ, ಉಸಿರು ಕರೆದು, ಮಣ್ಣು ಕೊಡುವ ಕ್ರಮವಿದೆ ಎಂದು ಅವರು ಹೇಳಿದರು. ಅದಾದರೆ ಅವನಿಗೂ ದಾರಿ, ಇವಳಿಗೂ ದಾರಿ. ಅಮರಪ್ಪ ಒಪ್ಪಿದ. ಮಲ್ಲಿಕಮ್ಮ ಒಲ್ಲೆ ಎಂದಳು.

"ಒಮ್ಮಿ ಬಿದಿರಿನ ಬುಟ್ಟಿಗಿ ಜೀವ ಅದ ಅಂದು ಮಗನ್ನ ಕಳಕೊಂಡೀನಿ. ಈಗ ದಂಟಿಗಿ ಮಗ ಅನ್ನು ಅಂತೀರಿ. ನನ್ನ ಬಾಯಿಲೆ ಬರಂಗಿಲ್ಲ."

ಯಾರೂ ಒತ್ತಾಯ ಮಾಡಲಿಲ್ಲ. ಅಪ್ಪ ಊರಿಗೆ ಹೊರಡಲು ಎದ್ದಾಗ ರಾಧಿಕಾ ಅತ್ತೆಯ ಹತ್ತಿರ ಬಂದು, ಅವಳ ಪಾದದ ಹತ್ತಿರ ನೆಲದ ಮೇಲೆ ಕೈ ಊರಿ ಕೂತಳು.

"ಅತ್ತಿ, ನನಗ ಅಳಾಕ ಒಂದ್ ಜಾಗ ಬೇಕ್ರಿ. ಇಷ್ಟ ದಿನಾ ಯಾರ ಮ್ಯಾಲೂ ಬಿದ್ದ ಅತ್ತಿಲ್ಲ ನಾ."

ಮಲ್ಲಿಕಮ್ಮ ಅವಳ ಬೈತಲೆ ನೋಡಿದಳು. ಆಮೇಲೆ ಜೋಳದ ದಂಟಿನ ಬಣವೆಯ ಕಡೆ ಕೈ ತೋರಿಸಿದಳು. ಈ ಸಲ ಕೈ ಭಾರವಾಗಿತ್ತು.

ದಂಟು ಕೂಡಿಸಿ ಅಂಗಳದಲ್ಲಿ ಆಳುದ್ದ ಕಟ್ಟಿದರು. ತಲೆಗೆ ಜೋಳದ ಹಿಟ್ಟಿನ ಉಂಡೆ. ಕಟ್ಟುವವರು ಬೀಡಿ ಸೇದುತ್ತ ಅದನ್ನು ದಾಟಿ ಆಚೆ ಈಚೆ ಓಡಾಡುತ್ತಿದ್ದರು. ಮರಿಲಿಂಗನ ಚೌಕಳಿ ಅಂಗಿ ತಂದು ತೊಡಿಸಿದ ಮೇಲೆ ಯಾರೂ ದಾಟಲಿಲ್ಲ. ಸುತ್ತು ಹಾಕಿ ಹೋದರು. ಬೀಡಿ ಆರಿಸಿದರು. ಅಯ್ಯನವರು ಹಣೆಗೆ ವಿಭೂತಿ ಎಳೆದು ಕಿವಿಯ ಹತ್ತಿರ ಮಂತ್ರ ಹೇಳಿದಾಗ, ದಂಡೆಯ ಮೇಲೆ ಎದ್ದಿದ್ದ ಅದೇ ದನಿ ಹೆಂಗಸರಿಂದ ಎದ್ದಿತು. ಬಿಸಿಲು ಬಿದ್ದೀತೆಂದು ಅಂಬವ್ವ ಅದರ ಮುಖಕ್ಕೆ ಸೆರಗು ಹಿಡಿದಳು. ರಾಧಿಕಾ ಅದರ ಮೇಲೆ ಬಿದ್ದಳು. ಅಂಗಿಯ ಎದೆಯನ್ನು ಗುದ್ದಿದಳು, ಯಾಕ ಹೋದಿ ಎಂದು ಕೇಳಿದಳು, ಕೊರಳು ತಬ್ಬಿ ಕಿವಿಯಲ್ಲಿ ಏನೋ ಹೇಳಿದಳು. ಅವಳನ್ನು ಬಿಡಿಸಲು ಮೂವರು ಬೇಕಾದರು. ಅವಳ ಪಾಲಿಗೆ ಅಲ್ಲಿ ಅವನಿದ್ದ. ಅದು ಎಲ್ಲರಿಗೂ ಕಂಡಿತು, ಮಲ್ಲಿಕಮ್ಮನಿಗೂ ಕಂಡಿತು.

ಕುಣಿಯಲ್ಲಿ ಇಳಿಸಿದರು. ತಾಯಿ ಮೊದಲು ಎಂದರು. ಮಲ್ಲಿಕಮ್ಮ ಒಂದು ಹಿಡಿ ಮಣ್ಣು ತೆಗೆದುಕೊಂಡು ಬಗ್ಗಿದಳು. ನೋಡಿದಳು. ಹೊಳೆಯನ್ನು ನೋಡಿದ ಕಣ್ಣಿನಿಂದ ನೋಡಬೇಕೆಂದು ನೋಡಿದಳು. ಪುರಾಣದ ಸಾಲಿಗೆ ಮೈ ನಡುಗುತ್ತಿದ್ದಾಗ ಎದೆಯಲ್ಲಿ ತಾನಾಗಿ ತೆರೆದುಕೊಳ್ಳುತ್ತಿದ್ದ ಬಾಗಿಲು ಎಲ್ಲಿದೆಯೆಂದು ತಡಕಾಡಿದಳು. ಅಂಗಿಯೊಳಗೆ ದಂಟಿತ್ತು. ಕಟ್ಟಿದ ಹುರಿ ಇತ್ತು. ಹಿಟ್ಟಿನ ಉಂಡೆ ಬಿಸಿಲಿಗೆ ಬಿರುಕು ಬಿಟ್ಟಿತ್ತು.

"ಕರೀ ಯಕ್ಕಾ, ಒಮ್ಮಿ ಹೆಸರ ಹಿಡಿದು ಕರೀ" ಎಂದು ಅಂಬವ್ವ ಅಳುತ್ತ ಭುಜ ಹಿಡಿದಳು.

ಮಲ್ಲಿಕಮ್ಮ ಕರೆಯಲಿಲ್ಲ. ಕೈ ಬಿಚ್ಚಿದಳು. ದಂಟಿನ ಮೇಲೆ ಮಣ್ಣು ಬಿದ್ದರೆ ಆಗುವ ಸದ್ದು ಆಯಿತು. ಉಳಿದವರೆಲ್ಲ ಮುಂದೆ ಬಂದು ಮಣ್ಣು ಹಾಕಿದರು, ಕುಣಿ ತುಂಬಿತು, ಹೆಂಗಸರು ರಾಧಿಕಾಳನ್ನು ನಡುವೆ ಹಿಡಿದುಕೊಂಡು ಬಳೆ ತೆಗೆಯಲು ಹೊಳೆಯ ಕಡೆ ನಡೆದರು. ಮಲ್ಲಿಕಮ್ಮ ಅಲ್ಲೇ ನಿಂತಿದ್ದಳು. ಊರಿನವರೆಲ್ಲರ ಪಾಲಿಗೆ ಮರಿಲಿಂಗ ಇವತ್ತು ಭೂಮಿಗೆ ಸೇರಿದ. ಅವಳ ಪಾಲಿಗೆ ಅವನಿನ್ನೂ ನೀರಿನ ಕೆಳಗೆ ಇದ್ದ, ಮೇಲೆ ಆಳುದ್ದ ಮಳಲು.